ಅಲೆಗಳ ಲೆಕ್ಕ ಬರೆದ ಜೋಸೆಫ್ ಫೂರಿಯೇ

ಇಂದು ನಾವು ಶಾಲಾ ವಾರ್ಷಿಕೋತ್ಸವದ ನೃತ್ಯವನ್ನು ಮೊಬೈಲಿನಲ್ಲಿ ಚಿತ್ರೀಕರಿಸಿ ಕೆಲವೇ ನಿಮಿಷಗಳಲ್ಲಿ ಊರಿನಲ್ಲಿರುವ ಅಜ್ಜ ಅಜ್ಜಿಯರಿಗೆ ಕಳುಹಿಸುತ್ತೇವೆ. ಅಷ್ಟು ದೊಡ್ಡ ದೃಶ್ಯ ಅಷ್ಟು ಚಿಕ್ಕ ಫೈಲಿನಲ್ಲಿ ಅಡಗುವುದು ಹೇಗೆ? ಕೆಲವೊಮ್ಮೆ ಚಿತ್ರ ಚೌಕ ಚೌಕವಾಗಿ ಒಡೆಯುವುದು, ಹಾಡು ನೀರಿನೊಳಗಿಂದ ಬಂದಂತೆ ಕೇಳುವುದು ಏಕೆ? ಈ ಪ್ರಶ್ನೆಗಳ ಬೆನ್ನು ಹತ್ತಿದರೆ ನಾವು ಎರಡು ಶತಮಾನಗಳ ಹಿಂದೆ ಫ್ರಾನ್ಸ್ ದೇಶದಲ್ಲಿದ್ದ ಒಬ್ಬ ದರ್ಜಿಯ ಮಗನ ಬಳಿಗೆ ಹೋಗಬೇಕಾಗುತ್ತದೆ. ಅವರೇ ಗಣಿತಜ್ಞ ಜೋಸೆಫ್ ಫೂರಿಯೇ.

ಫೂರಿಯೇ ಅವರು 1768ರ ಮಾರ್ಚ್ 21ರಂದು ಒಸೇರ್ ಎಂಬ ಪಟ್ಟಣದಲ್ಲಿ ಜನಿಸಿದರು. ಒಂಬತ್ತು ಹತ್ತು ವರ್ಷದ ಬಾಲಕನಾಗಿದ್ದಾಗಲೇ ತಾಯಿ ತಂದೆ ಇಬ್ಬರನ್ನೂ ಕಳೆದುಕೊಂಡರು. ಅನಾಥ ಹುಡುಗನಿಗೆ ಊರಿನ ಸೈನಿಕ ಶಾಲೆಯಲ್ಲಿ ಓದುವ ಅವಕಾಶ ದೊರೆಯಿತು. ಅಲ್ಲಿ ಅವರಿಗೆ ಗಣಿತದ ಹುಚ್ಚು ಹಿಡಿಯಿತು. ಹಗಲಿನಲ್ಲಿ ಮೇಣದ ಬತ್ತಿಯ ತುಂಡುಗಳನ್ನು ಆರಿಸಿಟ್ಟುಕೊಂಡು ರಾತ್ರಿ ಎಲ್ಲರೂ ಮಲಗಿದ ಮೇಲೆ ಲೆಕ್ಕ ಮಾಡುತ್ತಿದ್ದರೆಂದು ಹೇಳುತ್ತಾರೆ. ಫಿರಂಗಿ ದಳ ಸೇರಬೇಕೆಂಬ ಆಸೆ ಮಾತ್ರ ಕೈಗೂಡಲಿಲ್ಲ. ಕುಲೀನ ಮನೆತನದಲ್ಲಿ ಹುಟ್ಟದವರಿಗೆ ಆ ಕಾಲದಲ್ಲಿ ಅಂತಹ ಬಾಗಿಲು ತೆರೆಯುತ್ತಿರಲಿಲ್ಲ. ಸನ್ಯಾಸಿಯಾಗಲು ಮಠ ಸೇರಿದರು, ಆದರೆ ದೀಕ್ಷೆ ತೆಗೆದುಕೊಳ್ಳದೆ 1789ರಲ್ಲಿ ಹೊರಬಂದು ತಾವು ಓದಿದ ಶಾಲೆಯಲ್ಲೇ ಶಿಕ್ಷಕರಾದರು.

ಅದು ಫ್ರೆಂಚ್ ಕ್ರಾಂತಿಯ ಸಮಯ. ಫೂರಿಯೇ ಅವರು ಊರಿನ ಕ್ರಾಂತಿ ಸಮಿತಿಯಲ್ಲಿ ಕೆಲಸ ಮಾಡಿದರು. ಆದರೆ ಕ್ರಾಂತಿಯು ತನ್ನ ಮಕ್ಕಳನ್ನೇ ನುಂಗತೊಡಗಿತ್ತು. 1794ರ ಜುಲೈನಲ್ಲಿ ಅವರು ಸೆರೆಮನೆ ಸೇರಿದರು. ತಲೆ ಕತ್ತರಿಸುವ ಗಿಲೊಟಿನ್ ಯಂತ್ರ ದೂರವಿರಲಿಲ್ಲ. ಅದೇ ತಿಂಗಳ ಕೊನೆಯಲ್ಲಿ ರೋಬ್ಸ್‌ಪಿಯೆರ್ ಪತನವಾದ್ದರಿಂದ ಅವರು ಬಿಡುಗಡೆ ಹೊಂದಿದರು. ಮರುವರ್ಷ ಪ್ಯಾರಿಸ್ಸಿಗೆ ಹೋಗಿ ಮಹಾನ್ ಗಣಿತಜ್ಞರಾದ ಲಗ್ರಾಂಜ್ ಮತ್ತು ಲಪ್ಲಾಸ್ ಅವರ ಬಳಿ ಕಲಿತರು. 1797ರಲ್ಲಿ ಲಗ್ರಾಂಜ್ ಅವರು ತೆರವು ಮಾಡಿದ ಪ್ರಾಧ್ಯಾಪಕ ಪೀಠ ಇವರಿಗೇ ಒಲಿಯಿತು.

1798ರಲ್ಲಿ ನೆಪೋಲಿಯನ್ ಈಜಿಪ್ಟಿನ ಮೇಲೆ ದಂಡೆತ್ತಿ ಹೋದಾಗ ವಿದ್ವಾಂಸರ ತಂಡವನ್ನೂ ಜೊತೆಗೆ ಕರೆದೊಯ್ದನು. ಫೂರಿಯೇ ಅವರು ಕೈರೋದಲ್ಲಿ ಸ್ಥಾಪನೆಯಾದ ವಿದ್ವತ್ ಸಂಸ್ಥೆಯ ಕಾರ್ಯದರ್ಶಿಯಾದರು. 1801ರಲ್ಲಿ ಮರಳಿದ ಮೇಲೆ ಪಾಠ ಹೇಳುತ್ತಾ ಇರಬೇಕೆಂದು ಅವರ ಬಯಕೆ. ನೆಪೋಲಿಯನ್ ಬಿಡಲಿಲ್ಲ. ಅವರನ್ನು ಗ್ರೆನೋಬಲ್ ಪಟ್ಟಣದಲ್ಲಿ ಜಿಲ್ಲಾಧಿಕಾರಿಯನ್ನಾಗಿ ನೇಮಿಸಿದನು. ಜೌಗು ನೆಲವನ್ನು ಒಣಗಿಸುವುದು, ಟೂರಿನ್ ಕಡೆಗೆ ರಸ್ತೆ ಮಾಡಿಸುವುದು, ಹೀಗೆ ಹಗಲೆಲ್ಲ ಕಡತಗಳ ಕೆಲಸ. ಅದರ ನಡುವೆ ಬಿಡುವು ಮಾಡಿಕೊಂಡು ಅವರು ತಮ್ಮ ಜೀವನದ ಮುಖ್ಯ ಸಂಶೋಧನೆಯನ್ನು ನಡೆಸಿದರು ಎಂಬುದನ್ನು ನಾವು ಮರೆಯಬಾರದು.

ಅವರು ಆರಿಸಿಕೊಂಡ ವಿಷಯ ಶಾಖ. ಲೋಹದ ಸರಳಿನ ಒಂದು ತುದಿಯನ್ನು ಕಾಯಿಸಿದರೆ ಬಿಸಿ ಹೇಗೆ ಹರಡುತ್ತದೆ? ಇದನ್ನು ಲೆಕ್ಕ ಹಾಕಲು ಅವರು ಹೊಸದೊಂದು ದಾರಿ ಹಿಡಿದರು. ಬಿಸಿಯ ಹಂಚಿಕೆ ಎಷ್ಟೇ ಅಂಕುಡೊಂಕಾಗಿರಲಿ, ಅದನ್ನು ಬೇರೆ ಬೇರೆ ಉದ್ದದ ನಯವಾದ ಅಲೆಗಳ ಮೊತ್ತವಾಗಿ ಬರೆಯಬಹುದು ಎಂದರು. ನಮ್ಮ ಅಜ್ಜಿಯಂದಿರು ಹುಳಿಯನ್ನು ಒಂದು ಚಮಚ ಸವಿದು ಉಪ್ಪೆಷ್ಟು, ಹುಣಸೆ ಎಷ್ಟು, ಖಾರವೆಷ್ಟು ಎಂದು ಹೇಳಿಬಿಡುತ್ತಾರಲ್ಲವೇ? ಹಾಗೆಯೇ ಯಾವುದೇ ರೇಖೆಯಲ್ಲಿ ಯಾವ ಯಾವ ಅಲೆ ಎಷ್ಟೆಷ್ಟಿದೆ ಎಂದು ಬಿಡಿಸಿ ಹೇಳುವ ಲೆಕ್ಕ ಇದು.

1807ರ ಡಿಸೆಂಬರ್ 21ರಂದು ಈ ಪ್ರಬಂಧವನ್ನು ಪ್ಯಾರಿಸ್ಸಿನ ವಿದ್ವತ್ ಸಭೆಗೆ ಒಪ್ಪಿಸಿದರು. ಪರಿಶೀಲನೆಗೆ ಕುಳಿತವರಲ್ಲಿ ಅವರ ಗುರುಗಳಾದ ಲಗ್ರಾಂಜ್ ಮತ್ತು ಲಪ್ಲಾಸ್ ಇದ್ದರು. ಲಗ್ರಾಂಜ್ ಒಪ್ಪಲಿಲ್ಲ. ಬಳುಕುವ ಅಲೆಗಳನ್ನು ಎಷ್ಟೇ ಕೂಡಿದರೂ ಚೂಪಾದ ಮೂಲೆಯಾಗಲಿ, ಥಟ್ಟನೆ ಏರುವ ಮೆಟ್ಟಿಲಾಗಲಿ ಹೇಗೆ ಬಂದೀತು ಎಂಬುದು ಅವರ ಸಂಶಯದ ತಿರುಳು. ಪ್ರಬಂಧ ಅಚ್ಚಾಗಲಿಲ್ಲ. ಮುಂದೆ ಇದೇ ವಿಷಯಕ್ಕೆ ಸ್ಪರ್ಧೆ ಏರ್ಪಟ್ಟಾಗ ಫೂರಿಯೇ ಅವರು 1811ರಲ್ಲಿ ತಿದ್ದಿದ ಬರಹವನ್ನು ಕಳುಹಿಸಿದರು. ಬಹುಮಾನವೇನೋ ಬಂದಿತು, ಆದರೆ ಸಾಧನೆಯಲ್ಲಿ ಬಿಗಿ ಸಾಲದು ಎಂಬ ಟೀಕೆಯೂ ಜೊತೆಗೇ ಬಂದಿತು. ಆಗಲೂ ಅದು ಮುದ್ರಣಗೊಳ್ಳಲಿಲ್ಲ. ಕೊನೆಗೆ 1822ರಲ್ಲಿ ಶಾಖದ ಸಿದ್ಧಾಂತವನ್ನು ಕುರಿತ ಅವರ ಗ್ರಂಥ ಹೊರಬಂದಿತು. ಮೊದಲ ಪ್ರಬಂಧದಿಂದ ಅಲ್ಲಿಗೆ ಹದಿನೈದು ವರ್ಷ! ಅದೇ ವರ್ಷ ಅವರು ವಿಜ್ಞಾನ ಅಕಾಡೆಮಿಯ ಕಾಯಂ ಕಾರ್ಯದರ್ಶಿಯೂ ಆದರು. 1830ರ ಮೇ 16ರಂದು ಪ್ಯಾರಿಸ್ಸಿನಲ್ಲಿ ನಿಧನರಾದರು. ಐಫೆಲ್ ಗೋಪುರದ ಮೇಲೆ ಕೆತ್ತಿರುವ 72 ಹೆಸರುಗಳಲ್ಲಿ ಅವರದೂ ಒಂದು.

ಹಾಗಾದರೆ ಗುರು ಶಿಷ್ಯರಲ್ಲಿ ಯಾರು ಸರಿ? 1829ರಲ್ಲಿ ಡಿರಿಕ್ಲೆ ಎಂಬ ಯುವ ಗಣಿತಜ್ಞರು ಯಾವ ನಿಯಮಗಳಿಗೆ ಒಳಪಟ್ಟು ಫೂರಿಯೇ ಅವರ ಮಾತು ನಿಲ್ಲುತ್ತದೆ ಎಂದು ಸಾಧಿಸಿ ತೋರಿಸಿದರು. ಆದರೆ ಲಗ್ರಾಂಜ್ ಅವರ ಸಂಶಯವೂ ಪೂರ್ತಿ ಹುಸಿಯಾಗಿರಲಿಲ್ಲ. ಅಲೆಗಳನ್ನು ಎಲ್ಲಿಯಾದರೂ ಒಂದು ಕಡೆ ನಿಲ್ಲಿಸಿಬಿಟ್ಟರೆ, ಮೆಟ್ಟಿಲಿನ ಅಂಚಿನಲ್ಲಿ ಮೊತ್ತವು ಮೆಟ್ಟಿಲಿನ ಎತ್ತರದ ಶೇಕಡ 9ರಷ್ಟು ಮೇಲಕ್ಕೆ ಚಿಮ್ಮಿ ಅಕ್ಕಪಕ್ಕದಲ್ಲಿ ಕಿರು ಅಲೆಗಳು ಉಳಿಯುತ್ತವೆ. ಇದನ್ನು ಇಂದು ಗಿಬ್ಸ್ ವಿದ್ಯಮಾನ ಎನ್ನುತ್ತೇವೆ. ಇದನ್ನು ನೆನಪಿಟ್ಟುಕೊಳ್ಳೋಣ, ಮುಂದೆ ಬೇಕಾಗುತ್ತದೆ.

ಕಂಪ್ಯೂಟರ್ ಬಂದ ಮೇಲೆ ಫೂರಿಯೇ ಅವರ ಲೆಕ್ಕಕ್ಕೆ ಹೊಸ ಜೀವ ಬಂದಿತು. ಇಲ್ಲಿ ನಮ್ಮ ನಾಡಿಗೂ ಒಂದು ನಂಟಿದೆ. 1940ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ, ಇಂದು ಯುವಿಸಿಇ ಎಂದು ಹೆಸರಾಗಿರುವ ಕಾಲೇಜಿನಲ್ಲಿ ಓದಿ ಅಮೆರಿಕಕ್ಕೆ ಹೋದ ನಾಸಿರ್ ಅಹ್ಮದ್ ಅವರು, ಕೊಸೈನ್ ಅಲೆಗಳನ್ನು ಮಾತ್ರ ಬಳಸುವ ಡಿಸಿಟಿ ಎಂಬ ವಿಧಾನವನ್ನು ರೂಪಿಸಿದರು. 1972ರಲ್ಲಿ ಅದಕ್ಕಾಗಿ ಕೇಳಿದ ಧನಸಹಾಯ ಅವರಿಗೆ ಸಿಗಲಿಲ್ಲ. ಆದರೂ ಕೆಲಸ ಬಿಡದೆ, ಟಿ. ನಟರಾಜನ್ ಮತ್ತು ಕೆ. ಆರ್. ರಾವ್ ಅವರೊಂದಿಗೆ 1974ರಲ್ಲಿ ಪ್ರಬಂಧ ಪ್ರಕಟಿಸಿದರು. ಜೆಪೆಗ್ ಚಿತ್ರ, ಎಂಪೆಗ್ ವಿಡಿಯೋ, ಎಂಪಿ3 ಹಾಡು ಎಲ್ಲದರ ಒಳಗೂ ಇರುವುದು ಇದೇ ವಿಧಾನ ಅಥವಾ ಇದರ ಬಂಧುಗಳು.

ಕೆಲಸ ನಡೆಯುವುದು ಹೀಗೆ. ಜೆಪೆಗ್‌ನಲ್ಲಿ ಚಿತ್ರವನ್ನು ಸಾಲಿಗೆ 8ರಂತೆ 8 ಸಾಲು, ಅಂದರೆ 64 ಚುಕ್ಕೆಗಳ ಚೌಕಗಳಾಗಿ ಕತ್ತರಿಸುತ್ತಾರೆ. ಪ್ರತಿ ಚೌಕದಲ್ಲಿ ಯಾವ ಅಲೆ ಎಷ್ಟಿದೆ ಎಂದು ಅಳೆಯುತ್ತಾರೆ. ಕಣ್ಣಿಗೆ ಅಷ್ಟಾಗಿ ಕಾಣದ ಸಣ್ಣ ಅಲೆಗಳನ್ನು ಒರಟಾಗಿ ದುಂಡಾಗಿಸಿದಾಗ ಬಹಳಷ್ಟು ಸೊನ್ನೆಗಳಾಗುತ್ತವೆ. ಸೊನ್ನೆಗಳ ಸಾಲನ್ನು ಚಿಕ್ಕದಾಗಿ ಬರೆಯುವುದು ಸುಲಭ. ಹಾಡಿನ ವಿಷಯದಲ್ಲಿ ಉಳಿತಾಯ ಎಷ್ಟು ನೋಡಿ: ಸಿಡಿಯಲ್ಲಿ ಸೆಕೆಂಡಿಗೆ 14,11,200 ಬಿಟ್, 128 ಕಿಲೋಬಿಟ್ಟಿನ ಎಂಪಿ3ಯಲ್ಲಿ 1,28,000. ಹನ್ನೊಂದರಲ್ಲಿ ಒಂದು ಪಾಲು ಮಾತ್ರ!

ಈಗ ದೋಷಗಳ ಕಾರಣ ತಾನಾಗಿ ತಿಳಿಯುತ್ತದೆ. ಬಿಟ್‌ಗಳನ್ನು ಅತಿಯಾಗಿ ಉಳಿಸಿದರೆ ಪ್ರತಿ ಚೌಕದಲ್ಲಿ ಸರಾಸರಿ ಬಣ್ಣ ಮಾತ್ರ ಉಳಿದು ಚಿತ್ರ ಒಡೆದಂತೆ ಕಾಣುತ್ತದೆ. ಮಂದ ಬೆಳಕಿನಲ್ಲಿ ಕಾಣುವ ಮರಳಿನಂತಹ ಚುಕ್ಕೆಗಳು, ಅಲುಗುವ ಕೈ, ಎರಡೂ ಬಿಟ್‌ಗಳನ್ನು ತಿಂದುಹಾಕುತ್ತವೆ. ಆದ್ದರಿಂದ ವೇದಿಕೆಗೆ ಒಳ್ಳೆಯ ಬೆಳಕು, ಕ್ಯಾಮರಾಕ್ಕೆ ಸ್ಟ್ಯಾಂಡ್, ಆಮೇಲೆ ಬಿಟ್‌ರೇಟ್ ಏರಿಸುವುದು, ಇವೇ ಮದ್ದು. ಅಕ್ಷರಗಳ ಸುತ್ತ ಕಾಣುವ ಕಲಕು ನೆರಳು ಬೇರೇನೂ ಅಲ್ಲ, ಲಗ್ರಾಂಜ್ ಅವರ ಹಳೆಯ ಸಂಶಯ. ಚೂಪಾದ ಅಂಚಿಗೆ ಬೇಕಾದ ಸಣ್ಣ ಅಲೆಗಳನ್ನು ನಾವೇ ಎಸೆದಿರುತ್ತೇವೆ. ಅಕ್ಷರ, ನಕ್ಷೆಗಳಿಗೆ ಏನನ್ನೂ ಎಸೆಯದ ಪಿಎನ್‌ಜಿ ವಿಧಾನ ಮೇಲು. ಮೃದಂಗದ ಗಟ್ಟಿ ಪೆಟ್ಟು ಬೀಳುವ ಮೊದಲೇ ಸರ್ ಎಂಬ ಸದ್ದು ಕೇಳಿದರೆ ಅದೂ ಇದೇ ಕಥೆ. ಪೆಟ್ಟಿನ ತಪ್ಪು ಆ ತುಣುಕಿನ ಉದ್ದಕ್ಕೂ ಹರಡಿರುತ್ತದೆ. ಬಿಟ್‌ರೇಟ್ ಹೆಚ್ಚಿಸಿದರೆ ಇದು ತಗ್ಗುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ ಮೂಲ ಫೈಲನ್ನು ಜೋಪಾನ ಮಾಡಬೇಕು. ಕುಗ್ಗಿಸಿದ್ದನ್ನೇ ಮತ್ತೆ ಮತ್ತೆ ಕುಗ್ಗಿಸಿದರೆ ಹಾನಿ ಕೂಡುತ್ತಾ ಹೋಗುತ್ತದೆ. ಒಮ್ಮೆ ಎಸೆದ ಅಲೆ ಆಮೇಲೆ ಎಷ್ಟು ಬಿಟ್ ಕೊಟ್ಟರೂ ಮರಳುವುದಿಲ್ಲ.

ಫೂರಿಯೇ ಅವರು ಶಾಖದ ಲೆಕ್ಕ ಮಾಡಿದರು. ಹಾಡು, ಚಿತ್ರಗಳ ಈ ಉಪಯೋಗ ಅವರ ಕನಸಿನಲ್ಲೂ ಇರಲಿಲ್ಲ. ಗುರುಗಳು ಒಪ್ಪದಿದ್ದಾಗ ಅವರು ಮುನಿಸಿಕೊಂಡು ಕೈಬಿಡಲಿಲ್ಲ, ಆಡಳಿತದ ಭಾರದ ನಡುವೆಯೂ ತಿದ್ದಿ ತಿದ್ದಿ ಬರೆದರು. ಗುರುಗಳು ಎತ್ತಿದ ಪ್ರಶ್ನೆಯೂ ವ್ಯರ್ಥವಾಗಲಿಲ್ಲ, ದೋಷ ಎಲ್ಲಿ ಬರುತ್ತದೆಂದು ಅದೇ ನಮಗೆ ತೋರಿಸುತ್ತಿದೆ. ತರಗತಿಯಲ್ಲಿ ಪ್ರಶ್ನೆ ಕೇಳುವವರನ್ನೂ, ಉತ್ತರಕ್ಕಾಗಿ ವರ್ಷಗಟ್ಟಲೆ ದುಡಿಯುವವರನ್ನೂ ನಾವು ಸಮಾನವಾಗಿ ಗೌರವಿಸಬೇಕೆಂಬುದೇ ಈ ಜೀವನದಿಂದ ನಾವು ಕಲಿಯಬೇಕಾದ ಪಾಠ.