ವಿಶ್ವೇಶ್ವರಯ್ಯನವರು ಹೋಲಿಸಿ ನೋಡಿದ್ದು

ಮಾಗಳದ ಈ ಶಾಲೆಯಲ್ಲಿ ಓದುವಾಗ ನನಗೆ ಸರ್ ಎಂ. ವಿಶ್ವೇಶ್ವರಯ್ಯನವರು ಕನ್ನಂಬಾಡಿ ಕಟ್ಟೆಯ ಎಂಜಿನಿಯರ್ ಎಂದಷ್ಟೇ ಗೊತ್ತಿತ್ತು. ವಿಶ್ವವಿದ್ಯಾಲಯದಲ್ಲಿ ತೌಲನಿಕ ಶಿಕ್ಷಣ ಓದುವಾಗ ಅವರ ಇನ್ನೊಂದು ಮುಖ ಕಂಡೆ.

ಮುದ್ದೇನಹಳ್ಳಿಯಲ್ಲಿ ಹುಟ್ಟಿ, ಬಡತನದಲ್ಲಿ ಮನೆಪಾಠ ಹೇಳಿಕೊಂಡೇ ಕಾಲೇಜು ಓದಿದವರು ಅವರು. 1898ರಲ್ಲಿ ಜಪಾನಿಗೆ ಹೋದಾಗ ಅಲ್ಲಿನ ಹುಡುಗ ಹುಡುಗಿಯರು ಶಾಲೆಗೆ ಹೋಗುವುದನ್ನು ನಮ್ಮ ನಾಡಿನೊಡನೆ ಹೋಲಿಸಿ ನೋಡಿದರು. 1912ರಲ್ಲಿ ಮೈಸೂರಿನ ದಿವಾನರಾದರು. 1913ರಲ್ಲಿ ಕಡ್ಡಾಯ ಪ್ರಾಥಮಿಕ ಶಿಕ್ಷಣದ ಕಾಯ್ದೆ ಬಂತು, 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ ಆರಂಭವಾಯಿತು.

ಆಗ ನಮ್ಮ ಹಡಗಲಿ ಸೀಮೆ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಆ ಕಾಯ್ದೆ ಇಲ್ಲಿಗೆ ಬರಲಿಲ್ಲ. ನಮ್ಮಜ್ಜಿ ಕೊನೆಯವರೆಗೂ ಹೆಬ್ಬೆಟ್ಟು ಒತ್ತಿದಳು. 1953ರಲ್ಲಿ ನಾವು ಮೈಸೂರು ರಾಜ್ಯ ಸೇರಿದೆವು. 1962ರಲ್ಲಿ ಅವರು ತೀರಿಕೊಂಡರು. ಅಜ್ಜಿಗೆ ಸಿಗದ ಅಕ್ಷರ ನನಗೆ ಈ ಶಾಲೆಯಲ್ಲಿ ಸಿಕ್ಕಿತು. ಸುವರ್ಣ ಮಹೋತ್ಸವದ ಹೊತ್ತಿನಲ್ಲಿ ಇಬ್ಬರನ್ನೂ ನೆನೆಯುತ್ತೇನೆ.