ಸ್ವಪಕ್ಷದ ಅಧ್ಯಕ್ಷರನ್ನೂ ವಿರೋಧಿಸಿದ ಸೆನೆಟರ್

ಅಮೆರಿಕದ ಸೆನೆಟ್ 1964ರ ಆಗಸ್ಟ್ 7ರಂದು ಟಾಂಕಿನ್ ಕೊಲ್ಲಿ ನಿರ್ಣಯವನ್ನು 88–2 ಮತಗಳಿಂದ ಅಂಗೀಕರಿಸಿತು. ಆಗ್ನೇಯ ಏಷ್ಯಾದಲ್ಲಿ ತಮಗೆ ಅಗತ್ಯವೆನಿಸಿದ ಸೈನಿಕ ಕ್ರಮ ಕೈಗೊಳ್ಳಲು ಅಧ್ಯಕ್ಷ ಲಿಂಡನ್ ಜಾನ್ಸನ್ ಅವರಿಗೆ ಅದರಿಂದ ಮುಕ್ತಹಸ್ತ ದೊರೆಯಿತು. ವಿರೋಧಿಸಿದ ಇಬ್ಬರೂ ಅವರದೇ ಡೆಮಾಕ್ರಟಿಕ್ ಪಕ್ಷದವರು: ಅಲಾಸ್ಕದ ಅರ್ನೆಸ್ಟ್ ಗ್ರೂನಿಂಗ್ ಮತ್ತು ಆರೆಗಾನ್‌ನ ವೇಯ್ನ್ ಮೋರ್ಸ್.

1900ರಲ್ಲಿ ವಿಸ್ಕಾನ್ಸಿನ್‌ನಲ್ಲಿ ಜನಿಸಿದ ಮೋರ್ಸ್, ಆರೆಗಾನ್ ವಿಶ್ವವಿದ್ಯಾಲಯದಲ್ಲಿ ಕಾನೂನು ವಿಭಾಗದ ಡೀನ್ ಆಗಿದ್ದವರು. 1944ರಲ್ಲಿ ರಿಪಬ್ಲಿಕನ್ ಪಕ್ಷದಿಂದ ಸೆನೆಟ್‌ಗೆ ಆಯ್ಕೆಯಾದರು. 1952ರಲ್ಲಿ ಆ ಪಕ್ಷ ತೊರೆದು, 1955ರಲ್ಲಿ ಡೆಮಾಕ್ರಟರನ್ನು ಸೇರಿದರು. ಅವರನ್ನು ಪಕ್ಷಾಂತರಿಯೆಂದು ಮೂದಲಿಸುವುದು ಸುಲಭ. ಆದರೆ ತೈವಾನ್ ರಕ್ಷಣೆಗೆ ಸೇನೆ ಬಳಸಲು ರಿಪಬ್ಲಿಕನ್ ಅಧ್ಯಕ್ಷ ಐಸೆನ್‌ಹೋವರ್ 1955ರಲ್ಲಿ ಮುಂಗಡ ಅನುಮತಿ ಕೋರಿದಾಗ ಸೆನೆಟ್‌ನಲ್ಲಿ ವಿರುದ್ಧ ಮತ ಹಾಕಿದ ಮೂವರಲ್ಲಿ ಮೋರ್ಸ್ ಒಬ್ಬರು. ತೊರೆದ ಪಕ್ಷದ ಮೇಲಿನ ಮುನಿಸು ಎಂದು ಅದನ್ನು ತಳ್ಳಿಹಾಕಬಹುದಿತ್ತು. ಒಂಬತ್ತು ವರ್ಷಗಳ ನಂತರ ಸ್ವಪಕ್ಷದ ಅಧ್ಯಕ್ಷರು ಕೇಳಿದಾಗಲೂ ಅವರ ಉತ್ತರ ಬದಲಾಗಲಿಲ್ಲ. ಯುದ್ಧ ಘೋಷಿಸುವ ಅಧಿಕಾರವನ್ನು ಸಂವಿಧಾನ ಕಾಂಗ್ರೆಸ್‌ಗೆ ನೀಡಿದೆ. ಅದನ್ನು ಒಬ್ಬ ವ್ಯಕ್ತಿಗೆ ಬಿಟ್ಟುಕೊಡುವ ಹಕ್ಕು ಕಾಂಗ್ರೆಸ್‌ಗೂ ಇಲ್ಲ ಎಂಬುದು ಅವರ ವಾದವಾಗಿತ್ತು.

ಕಾಲ ಅವರ ಪರವಾಗಿ ಸಾಕ್ಷಿ ನುಡಿಯಿತು. ನಿರ್ಣಯಕ್ಕೆ ಕಾರಣವಾದ ಆಗಸ್ಟ್ 4ರ ದಾಳಿ ನಡೆದೇ ಇರಲಿಲ್ಲವೆಂಬುದು ನಂತರ ಬಹಿರಂಗವಾದ ದಾಖಲೆಗಳಿಂದ ಸ್ಪಷ್ಟವಾಯಿತು. ಯುದ್ಧದಲ್ಲಿ 58 ಸಾವಿರಕ್ಕೂ ಹೆಚ್ಚು ಅಮೆರಿಕನ್ ಸೈನಿಕರೂ ಲಕ್ಷಾಂತರ ವಿಯೆಟ್ನಾಮೀಯರೂ ಮಡಿದರು. ಮೋರ್ಸ್ ಮಾತ್ರ 1968ರ ಚುನಾವಣೆಯಲ್ಲಿ ಅಲ್ಪ ಅಂತರದಿಂದ ಸೋತರು. ಅಧ್ಯಕ್ಷ ನಿಕ್ಸನ್ ಅವರ ವಿಟೋವನ್ನು ಮೀರಿ 1973ರಲ್ಲಿ ಕಾಂಗ್ರೆಸ್ ಯುದ್ಧಾಧಿಕಾರ ಕಾಯಿದೆಯನ್ನು ಜಾರಿಗೆ ತಂದಾಗ ಅವರು ಸೆನೆಟ್‌ನಲ್ಲಿರಲಿಲ್ಲ. ಮರಳಿ ಬರಲು ಸ್ಪರ್ಧಿಸಿ, ಪ್ರಚಾರದ ನಡುವೆಯೇ 1974ರ ಜುಲೈನಲ್ಲಿ ನಿಧನರಾದರು.

ಕಾಯಿದೆ ಬಂದರೂ ಚಾಳಿ ಹೋಗಲಿಲ್ಲ. ಕಾಂಗ್ರೆಸ್‌ನ ಅನುಮತಿಯಿಲ್ಲದೆ 2011ರಲ್ಲಿ ಒಬಾಮ ಲಿಬಿಯಾದ ಮೇಲೆ ದಾಳಿ ನಡೆಸಿದಾಗ ಸಂವಿಧಾನವನ್ನು ನೆನಪಿಸಿದವರಲ್ಲಿ ರಿಪಬ್ಲಿಕನ್ನರು ಮುಂದಿದ್ದರು. 2025ರಲ್ಲಿ ಟ್ರಂಪ್ ಇರಾನಿನ ಅಣುಸ್ಥಾವರಗಳ ಮೇಲೆ ಬಾಂಬ್ ಹಾಕಿಸಿದಾಗ ಆ ಪಾತ್ರ ಡೆಮಾಕ್ರಟರದಾಯಿತು. ಎರಡೂ ಸಲ ಅಪವಾದಗಳಿದ್ದವು.

ಆಡಳಿತದಲ್ಲಿ ದಶಕಗಳನ್ನು ಕಳೆದ ನನಗೆ ಒಂದು ಮಾತು ಮನದಟ್ಟಾಗಿದೆ. ಎದುರಾಳಿಗೆ ಅನ್ವಯಿಸುವ ನಿಯಮವನ್ನು ಎಲ್ಲರೂ ಬಲ್ಲರು. ತನ್ನವರಿಗೂ ಅದನ್ನೇ ಅನ್ವಯಿಸಿ ಬೆಲೆ ತೆತ್ತವರಿಂದಲೇ ಸಂವಿಧಾನ ಉಳಿಯುತ್ತದೆ.