ಅರಸರು ಮತ್ತೆ ವಿದ್ಯಾರ್ಥಿಯಾದುದು

ಕಳೆದ ವರ್ಷ ಹಳೆಯ ಕೀಬೋರ್ಡೊಂದನ್ನು ಅಗ್ಗಕ್ಕೆ ಕೊಂಡು ನೆಲಮಂಗಲದ ನಮ್ಮ ಮನೆಗೆ ತಂದೆನು. ಅದರ ಜೊತೆಗೆ ದೊರೆತ ಪಿಯಾನೋ ಪಾಠದ ಪುಸ್ತಕವು ಎಳೆಯ ಮಕ್ಕಳದು. ಪುಟಕ್ಕೊಂದು ಮೊಲದ ಚಿತ್ರ, ನಾಲ್ಕೇ ಸ್ವರ. ಇಪ್ಪತ್ತು ತುಂಬಿದವನು ಅದನ್ನು ತಂಗಿಯ ಕಣ್ಣು ತಪ್ಪಿಸಿ ಅಭ್ಯಾಸ ಮಾಡಬೇಕಾಯಿತು. ಬೆಳೆದವರಿಗೆ ತಕ್ಕ ಪುಸ್ತಕ ಯಾವುದೆಂದು ಹುಡುಕುತ್ತಿದ್ದಾಗ ಶ್ರೀ ಜಯಚಾಮರಾಜೇಂದ್ರ ಒಡೆಯರ ಜೀವನವು ನನ್ನ ಗಮನವನ್ನು ಸೆಳೆಯಿತು.

1919ರ ಜುಲೈ 18ರಂದು ಜನಿಸಿದ ಒಡೆಯರು 1938ರಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿನಿಂದ ಪದವಿ ಪಡೆದರು. ಪಿಯಾನೋ ವಾದಕರಾಗಬೇಕೆಂಬುದು ಅವರ ಹಂಬಲವಾಗಿತ್ತು. ಆದರೆ 1940ರಲ್ಲಿ ತಂದೆಯವರೂ ದೊಡ್ಡಪ್ಪನವರಾದ ನಾಲ್ವಡಿ ಕೃಷ್ಣರಾಜ ಒಡೆಯರೂ ಕೆಲವೇ ತಿಂಗಳ ಅಂತರದಲ್ಲಿ ತೀರಿಕೊಂಡರು. ಆ ಸೆಪ್ಟೆಂಬರಿನಲ್ಲಿ ಸಿಂಹಾಸನವೇರಿದಾಗ ಅವರಿಗೆ ಇಪ್ಪತ್ತೊಂದು, ಹೆಚ್ಚುಕಡಿಮೆ ನಮ್ಮದೇ ವಯಸ್ಸು. ವಾದಕರಾಗುವ ಆಸೆ ಅಲ್ಲಿಗೆ ನಿಂತಿತು.

ಸಂಗೀತವನ್ನು ಮಾತ್ರ ಅವರು ಬಿಡಲಿಲ್ಲ. ಲಂಡನ್ನಿನ ಗಿಲ್ಡ್‌ಹಾಲ್ ಶಾಲೆಯ ಲೈಸೆನ್ಷಿಯೇಟ್ ಪದವಿಯೂ 1945ರಲ್ಲಿ ಟ್ರಿನಿಟಿ ಕಾಲೇಜಿನ ಗೌರವ ಫೆಲೋಷಿಪ್ಪೂ ಅವರಿಗೆ ದೊರೆತವು. ಲಂಡನ್ನಿನಲ್ಲಿ ಬಡತನದಲ್ಲಿದ್ದ ವೃದ್ಧ ರಷ್ಯನ್ ಸಂಗೀತಕಾರ ನಿಕೊಲಾಯ್ ಮೆಟ್ನರ್ ಅವರ ಕೃತಿಗಳನ್ನು ಸ್ವತಃ ಅವರಿಂದಲೇ ನುಡಿಸಿ ಧ್ವನಿಮುದ್ರಿಸಲು ಹಣ ಒದಗಿಸಿದವರು ಈ ಮೈಸೂರಿನ ಅರಸರೇ. ಮೆಟ್ನರ್ ತಮ್ಮ ಮೂರನೆಯ ಪಿಯಾನೋ ಕಾನ್ಸರ್ಟೊವನ್ನು ಕೃತಜ್ಞತೆಯಿಂದ ಅವರಿಗೇ ಅರ್ಪಿಸಿದರು.

ನನ್ನನ್ನು ಹೆಚ್ಚು ಸೆಳೆದದ್ದು ಇದಾದ ಮೇಲಿನದು. ಪಾಶ್ಚಾತ್ಯ ಸಂಗೀತದಲ್ಲಿ ಪಳಗಿದ ಒಡೆಯರು ಬೆಳೆದು ದೊಡ್ಡವರಾದ ಮೇಲೆ ಕರ್ನಾಟಕ ಸಂಗೀತದ ಕಡೆಗೆ ತಿರುಗಿದರು. ಮೈಸೂರು ವಾಸುದೇವಾಚಾರ್ಯರು ಗುರುಗಳಾದರು, ವೀಣೆಗೆ ವೆಂಕಟಗಿರಿಯಪ್ಪನವರು. ಸ್ವರ, ತಾಳಗಳ ಲೆಕ್ಕ ಅಂಥವರಿಗೆ ಕಷ್ಟವಾಗದು. ಕಷ್ಟವೆಲ್ಲ ಕೈಯದು. ಪಿಯಾನೋದಲ್ಲಿ ಎರಡು ಮನೆಗಳ ನಡುವೆ ನಾದವಿಲ್ಲ. ವೀಣೆಯಲ್ಲಾದರೋ ತಂತಿಯನ್ನೆಳೆದು ಆ ನಡುವಣ ದಾರಿಯನ್ನೇ ನುಡಿಸಬೇಕು, ಅದೇ ಗಮಕ. ಬುದ್ಧಿ ಮುಂದೆ ಓಡುತ್ತದೆ, ಬೆರಳು ಮಗುವಿನಂತೆ ತೆವಳುತ್ತದೆ. ಇದನ್ನು ಸಹಿಸಿ ಅವರು ಶ್ರೀವಿದ್ಯಾ ಎಂಬ ಅಂಕಿತದಲ್ಲಿ ಬೇರೆಬೇರೆ ರಾಗಗಳಲ್ಲಿ 94 ಕೃತಿಗಳನ್ನು ರಚಿಸಿದರು. ಸಿಂಹಾಸನದ ಮೇಲಿದ್ದವರು ಮತ್ತೆ ಶಿಷ್ಯರಾಗಿ ಕೂರುವುದು ಸಾಮಾನ್ಯವೇ?

ಬೆಳೆದವರ ಪುಸ್ತಕಕ್ಕೂ ಇದೇ ಒರೆಗಲ್ಲೆಂದು ನನ್ನ ಎಣಿಕೆ. ಅದು ಬುದ್ಧಿಗೆ ಬೇಗ ವಿವರಿಸಬೇಕು, ಕೈಗೆ ಅವಸರ ಕಲಿಸಬಾರದು. ಮೊಲದ ಚಿತ್ರದ ಪುಸ್ತಕ ಮೊದಲನೆಯದರಲ್ಲಿ ಸೋಲುತ್ತದೆ. ಕೆಲವೇ ದಿನಗಳಲ್ಲಿ ಸಿನಿಮಾ ಹಾಡು ನುಡಿಸುವಿರೆಂದು ಆಸೆ ಹುಟ್ಟಿಸುವವು ಎರಡನೆಯದರಲ್ಲಿ. ಆಲ್ಫ್ರೆಡ್ ಪ್ರಕಾಶನದ ವಯಸ್ಕರ ಪುಸ್ತಕದಲ್ಲಿ ಸ್ವರಲಿಪಿಯ ವಿವರಣೆ ನೇರವಾಗಿದೆ, ಎಡಗೈಗೆ ಸ್ವರಮೇಳಗಳೂ ಬೇಗನೆ ಬರುತ್ತವೆ. ಆದರೆ ಒಂದೊಂದು ಪುಟಕ್ಕೂ ನಾನು ವಾರಗಟ್ಟಲೆ ತೆಗೆದುಕೊಳ್ಳುತ್ತಿದ್ದೇನೆ. ಅರಸರಿಗೆ ಮಹಾ ವಿದ್ವಾಂಸರು ಗುರುಗಳಾಗಿದ್ದರು. ನಮ್ಮಂಥವರಿಗೆ ಪುಸ್ತಕವೇ ಗುರುವಾದ್ದರಿಂದ ಆಯ್ಕೆಯಲ್ಲಿ ಇಷ್ಟು ಚೌಕಾಸಿ.

ರಾಜ್ಯವು ಭಾರತದಲ್ಲಿ ಸೇರಿದ ಮೇಲೆ ಒಡೆಯರು ರಾಜಪ್ರಮುಖರೂ ರಾಜ್ಯಪಾಲರೂ ಆಗಿದ್ದು, 1974ರ ಸೆಪ್ಟೆಂಬರ್ 23ರಂದು, 55ನೆಯ ವಯಸ್ಸಿನಲ್ಲಿ, ನಿಧನರಾದರು. ಅವರ ಕೃತಿಗಳನ್ನು ಇಂದಿಗೂ ಕಛೇರಿಗಳಲ್ಲಿ ಹಾಡುತ್ತಾರೆ. ನನ್ನ ಎಡಗೈ ಇನ್ನೂ ಮೂರನೆಯ ಪಾಠದಲ್ಲಿದೆ. ತಂಗಿ ಈಗ ಪಕ್ಕದಲ್ಲಿಯೇ ಕುಳಿತು ತಪ್ಪು ಎಣಿಸುತ್ತಾಳೆ.